ಕ್ರೆಯಾನ್ ಡಬ್ಬಿ ನಿಮ್ಮ ಹತ್ತಿರ ಇರಲಿ: ಬಣ್ಣ ಹಚ್ಚುತ್ತಾ ಸ್ಪ್ಯಾನಿಷ್ ಹಣ್ಣುಗಳು

ಸೇಬಿನ ಚಿತ್ರ ಪ್ರಿಂಟ್ ಹಾಕಿ, ಮಗುವಿನ ಮುಂದಿಟ್ಟು, ಕ್ರೆಯಾನ್ ಡಬ್ಬಿ ಕೈಗೆ ಕೊಟ್ಟು ನೀವು ಅಡುಗೆಮನೆಗೆ ಹೋದರೆ ಮಗು ಚೆನ್ನಾಗಿಯೇ ಬಣ್ಣ ಹಚ್ಚುತ್ತದೆ. ಸ್ಪ್ಯಾನಿಷ್ ಮಾತ್ರ ಒಂದಕ್ಷರವೂ ಬರುವುದಿಲ್ಲ. ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ಹೆಸರು ಅಚ್ಚಾಗಿದ್ದರೂ ಅಷ್ಟೇ. ಓದು ಬಾರದ ನಾಲ್ಕು ವರ್ಷದ ಮಗುವಿಗೆ ಆ ಅಕ್ಷರಗಳೂ ಬಣ್ಣ ಬಳಿಯುವ ಜಾಗವೇ.

ಬಣ್ಣ ಹಚ್ಚುವ ಕೆಲಸ ಮಗುವನ್ನು ಹತ್ತು ನಿಮಿಷ ಒಂದು ಕಡೆ ಕೂರಿಸುತ್ತದೆ. ಆ ಹೊತ್ತಿನಲ್ಲಿ ನೀವು ಪಕ್ಕದಲ್ಲಿ ಕೂತು ಆಡುವ ಮಾತೇ ಪಾಠ. ಹಾಗಾಗಿ ಈ ಲೇಖನದಲ್ಲಿ ಚಿತ್ರಗಳ ಬಗ್ಗೆ ಕಡಿಮೆ, ಮಾತಿನ ಬಗ್ಗೆ ಜಾಸ್ತಿ ಹೇಳುತ್ತೇನೆ. ಮೂರರಿಂದ ಏಳು ವರ್ಷದ ಮಕ್ಕಳಿಗೆ ಇದು ಹೊಂದುತ್ತದೆ. ನಿಮಗೆ ಸ್ಪ್ಯಾನಿಷ್ ಗೊತ್ತಿರಬೇಕು ಅಂತೇನೂ ಇಲ್ಲ.

ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೆ ಈ ಭಾಷೆ ದೂರದ್ದಲ್ಲ. ಆ ದೇಶದಲ್ಲಿ ಮನೆಯೊಳಗೆ ಸ್ಪ್ಯಾನಿಷ್ ಮಾತಾಡುವವರು 4 ಕೋಟಿಗೂ ಜಾಸ್ತಿ ಇದ್ದಾರೆ. ಟೆಕ್ಸಸ್, ಕ್ಯಾಲಿಫೋರ್ನಿಯಾದಲ್ಲಿ ಇಂಗ್ಲಿಷ್ ಜೊತೆಗೆ ಸ್ಪ್ಯಾನಿಷ್‌ನಲ್ಲೂ ಪಾಠ ಮಾಡುವ ಸರ್ಕಾರಿ ಶಾಲೆಗಳಿವೆ. ಪಾರ್ಕಿನಲ್ಲಿ, ತರಕಾರಿ ಅಂಗಡಿಯಲ್ಲಿ, ಪಕ್ಕದ ಮನೆಯಲ್ಲಿ ಆ ಭಾಷೆ ಕಿವಿಗೆ ಬೀಳುತ್ತಲೇ ಇರುತ್ತದೆ. ನಾನು ಇಲ್ಲಿ ಬರೆಯುವ ಉಚ್ಚಾರಣೆ ಮೆಕ್ಸಿಕೊ ಕಡೆಯದು, ಯಾಕೆಂದರೆ ಟೆಕ್ಸಸ್‌ನಲ್ಲಿ ನಿಮ್ಮ ಮಗು ಹೆಚ್ಚಾಗಿ ಕೇಳುವುದು ಅದನ್ನೇ.

ಮೊದಲು ನಿಮ್ಮ ನಾಲಿಗೆ ಹೊಂದಲಿ

ಕನ್ನಡದವರಿಗೆ ಇಲ್ಲೊಂದು ಅನುಕೂಲ ಇದೆ. ಸ್ಪ್ಯಾನಿಷ್‌ನ ತ, ದ ನಮ್ಮ ತ, ದ ಹಾಗೆಯೇ ಹಲ್ಲಿಗೆ ತಾಗುತ್ತವೆ. ಇಂಗ್ಲಿಷ್‌ನ ಟ, ಡ ಅಲ್ಲ. ಸ್ವರಗಳು ಐದೇ: ಅ, ಎ, ಇ, ಒ, ಉ. ಕನ್ನಡ ಓದಲು ಬರುವವರು ಕನ್ನಡ ಅಕ್ಷರದಲ್ಲೇ ಬರೆದುಕೊಂಡರೆ ಉಚ್ಚಾರಣೆ ಮುಕ್ಕಾಲು ಪಾಲು ಸರಿಯಾಗಿ ಬರುತ್ತದೆ. ಇಂಗ್ಲಿಷ್ ಕಣ್ಣಿನಿಂದ ಓದಿದರೆ ಮಾತ್ರ ಕೆಡುತ್ತದೆ. ಕಲ್ಲಂಗಡಿಗೆ ಸಂದೀಅ ಅನ್ನಬೇಕಾದ ಕಡೆ ಸ್ಯಾಂಡಿಯಾ ಆಗಿಬಿಡುತ್ತದೆ.

ಮೊದಲ ಸುತ್ತಿನ ಹಣ್ಣುಗಳು ಇವು. ಬಾಳೆಹಣ್ಣು ಪ್ಲಾತನೊ, ಮಾವು ಮಾಂಗೊ, ಸೇಬು ಮನ್ಸಾನ, ಕಿತ್ತಳೆ ನರಾಂಹ, ದ್ರಾಕ್ಷಿ ಊವ, ಕಲ್ಲಂಗಡಿ ಸಂದೀಅ. ದೀರ್ಘವಾಗಿ ಬರೆದ ಅಕ್ಷರದ ಮೇಲೆ ಒತ್ತು ಬೀಳಬೇಕು. ಅದನ್ನು ಸಿಕ್ಕಾಪಟ್ಟೆ ಎಳೆಯುವುದು ಬೇಡ, ಸ್ವಲ್ಪ ಗಟ್ಟಿಯಾಗಿ ಹೇಳಿದರೆ ಸಾಕು. ಕೊನೆಯ ಅಕಾರಕ್ಕೆ ಬಾಯಿ ತೆರೆಯಿರಿ, ನುಂಗಬೇಡಿ.

ಬಣ್ಣಗಳಲ್ಲಿ ಕೆಂಪು ರೋಹೊ, ಹಳದಿ ಅಮರೀಯೊ, ಹಸಿರು ಬೇರ್ದೆ, ನೇರಳೆ ಮೊರಾದೊ, ಕಿತ್ತಳೆ ಬಣ್ಣ ಅನರಂಹಾದೊ, ಕಂದು ಕಫೇ, ಬಿಳಿ ಬ್ಲಾಂಕೊ, ಕಪ್ಪು ನೇಗ್ರೊ. ರೋಹೊದ ಮೊದಲ ರಕಾರವನ್ನು ಚೆನ್ನಾಗಿ ಉರುಳಿಸಬೇಕು, ಚಳಿಗೆ ಬೆಳಿಗ್ಗೆ ಆಟೊ ಸ್ಟಾರ್ಟ್ ಮಾಡಿದ ಹಾಗೆ. ಮಕ್ಕಳಿಗೆ ಇದು ಬಹಳ ಖುಷಿ. ನರಾಂಹ ಮತ್ತು ರೋಹೊದ ಹಕಾರ ಗಂಟಲಿನಿಂದ ಸ್ವಲ್ಪ ಒರಟಾಗಿ ಬರುತ್ತದೆ. ಊವದ ವಕಾರಕ್ಕೆ ಎರಡೂ ತುಟಿ ಹತ್ತಿರ ತನ್ನಿ. ಬ ಮತ್ತು ವ ನಡುವಿನ ಸದ್ದು ಅದು.

ಇಷ್ಟನ್ನು ಮಗುವಿನ ಮುಂದೆ ಕೂರುವ ಮೊದಲೇ ನಾಲ್ಕು ಸಲ ಬಾಯಿಬಿಟ್ಟು ಹೇಳಿಕೊಳ್ಳಿ. ಆನ್‌ಲೈನ್ ನಿಘಂಟಿನಲ್ಲಿ ಪದದ ಪಕ್ಕ ಸ್ಪೀಕರ್ ಗುರುತು ಒತ್ತಿದರೆ ಕೇಳಿಸುತ್ತದೆ. ಪಕ್ಕದ ಮನೆಯಲ್ಲಿ ಮೆಕ್ಸಿಕೊದ ಅಜ್ಜಿ ಇದ್ದರೆ ಇನ್ನೂ ಒಳ್ಳೆಯದು. ಹಣ್ಣಿನ ಹೆಸರು ಹೇಳಿಕೊಡಿ ಅಂತ ಕೇಳಿದರೆ ಬೇಡ ಅನ್ನುವ ಅಜ್ಜಿ ಯಾವ ಊರಲ್ಲೂ ಇಲ್ಲ.

ಯಾವ ಹಣ್ಣು, ಎಷ್ಟು ಹಣ್ಣು

ಮಾರುಕಟ್ಟೆಯಲ್ಲಿ ಸಿಗುವ ಬಣ್ಣದ ಪುಸ್ತಕಗಳಲ್ಲಿ ಒಂದೇ ಪುಟಕ್ಕೆ ಹನ್ನೆರಡು ಹಣ್ಣು ತುಂಬಿರುತ್ತಾರೆ. ಚೆರ್ರಿ, ಪೀಚ್, ಮರಸೇಬು, ಸ್ಟ್ರಾಬೆರಿ ಎಲ್ಲವೂ ಒಟ್ಟಿಗೆ. ಚಿಕ್ಕವರಿಗೆ ಅಂಥದ್ದು ಬೇಡ. ಮಗು ತಿಂದು ರುಚಿ ಗೊತ್ತಿರುವ ಹಣ್ಣಿನಿಂದಲೇ ಶುರು ಮಾಡಿ. ತಿಂದೇ ಇಲ್ಲದ ಹಣ್ಣಿಗೆ ಸ್ಪ್ಯಾನಿಷ್ ಹೆಸರು ಕಲಿಸಿದರೆ ಅದು ಗಾಳಿಯಲ್ಲಿ ತೇಲುತ್ತಿರುತ್ತದೆ.

ಮೇಲಿನ ಆರು ಹಣ್ಣು ಮೊದಲ ತಿಂಗಳಿಗೆ ಸಾಕು. ಮೂರು ವರ್ಷದ ಮಗುವಿಗೆ ಮೂರು ಸಾಕು. ವಾರಕ್ಕೆ ಎರಡು ಹೊಸ ಹಣ್ಣಿಗಿಂತ ಹೆಚ್ಚು ಹಾಕಬೇಡಿ, ಹಳೆಯದನ್ನು ಮಾತ್ರ ದಿನಾ ಮುಟ್ಟಿಸುತ್ತಾ ಇರಿ.

ಮರಸೇಬಿನ ಬಗ್ಗೆ ಒಂದು ಮಾತು. ಸ್ಪ್ಯಾನಿಷ್‌ನಲ್ಲಿ ಅದು ಪೇರ. ನಿಮ್ಮ ಮನೆಯಲ್ಲಿ ಸೀಬೆಹಣ್ಣಿಗೆ ಪೇರಲ ಅನ್ನುವ ರೂಢಿ ಇದ್ದರೆ ಮಗು ಖಂಡಿತ ಎಡವುತ್ತದೆ. ಸೀಬೆಗೆ ಅಲ್ಲಿ ಗ್ವಯಾಬ ಅನ್ನುತ್ತಾರೆ. ಎರಡನ್ನೂ ಒಂದೇ ವಾರ ಕಲಿಸಬೇಡಿ.

ಹಾಳೆ ಮತ್ತು ಕ್ರೆಯಾನ್

ಎ4 ಹಾಳೆಗೆ ಒಂದೇ ಹಣ್ಣು, ದಪ್ಪ ಗೆರೆ. ಕಪ್ಪು ಸ್ಕೆಚ್ ಪೆನ್ನಿನಲ್ಲಿ ನೀವೇ ಬರೆದರೂ ಆಗುತ್ತದೆ. ಹಾಳೆ ತುಂಬುವಷ್ಟು ದೊಡ್ಡ ಬಾಳೆಹಣ್ಣು ಬರೆಯಲು ಯಾರೂ ಚಿತ್ರಕಾರರಾಗಬೇಕಿಲ್ಲ, ಅಲ್ವಾ? ನಿಜ ಹೇಳಬೇಕೆಂದರೆ, ಅಮ್ಮನೋ ಅಪ್ಪನೋ ಎದುರಿಗೇ ಬರೆದ ಸೊಟ್ಟ ಹಣ್ಣು ಪ್ರಿಂಟ್ ಹಾಕಿದ ಚೆಂದದ ಹಣ್ಣಿಗಿಂತ ಮೇಲು. ಗೆರೆ ಮೂಡುತ್ತಿರುವಾಗಲೇ ಮಗು ಇದೇನಿರಬಹುದು ಅಂತ ಊಹಿಸಲು ಶುರು ಮಾಡುತ್ತದೆ. ಅರ್ಧ ಬರೆದು ನಿಲ್ಲಿಸಿ ಕೆ ಎಸ್ ಎಸ್ತೊ ಅಂತ ಕೇಳಿ. ಇದೇನು ಅಂತ ಅರ್ಥ.

ಮುರಿದ ಕ್ರೆಯಾನ್ ಎಸೆಯಬೇಡಿ. ಗಿಡ್ಡ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ. ಹೆಬ್ಬೆರಳು ಮತ್ತು ಎರಡು ಬೆರಳ ನಡುವೆಯೇ ಹಿಡಿಯಬೇಕು. ಮುಂದೆ ಪೆನ್ಸಿಲ್ ಹಿಡಿಯಲು ಅದೇ ಅಭ್ಯಾಸ. ಸ್ಕೆಚ್ ಪೆನ್ ಚಿಕ್ಕವರಿಗೆ ಬೇಡ. ಎರಡು ನಿಮಿಷಕ್ಕೆ ಹಾಳೆ ತುಂಬಿ ಪಾಠವೇ ಮುಗಿದು ಹೋಗುತ್ತದೆ. ಕ್ರೆಯಾನ್ ನಿಧಾನ, ನಮಗೆ ಬೇಕಾದದ್ದೂ ಅದೇ.

ಡಬ್ಬಿ ಯಾರ ಕೈಯಲ್ಲಿ

ಇಡೀ ವಿಧಾನ ನಿಂತಿರುವುದು ಇದೊಂದರ ಮೇಲೆ. ಕ್ರೆಯಾನ್ ಡಬ್ಬಿಯನ್ನು ಮಗುವಿಗೆ ಕೊಡಬೇಡಿ. ನಿಮ್ಮ ಮಡಿಲಲ್ಲೋ ಬೆನ್ನ ಹಿಂದೋ ಇಟ್ಟುಕೊಳ್ಳಿ. ಒಂದೊಂದು ಬಣ್ಣಕ್ಕೂ ಮಗು ನಿಮ್ಮ ಹತ್ತಿರ ಬರಬೇಕು. ಆಗ ಪದ ಬೇಕಾಗುತ್ತದೆ. ಬೇಕಾದ ಪದ ಬೇಗ ಹತ್ತುತ್ತದೆ.

ಮೊದಲ ದಿನ ಮಗುವಿನ ಕೈಯಲ್ಲಿ ಏನನ್ನೂ ಹೇಳಿಸಬೇಡಿ. ಬಾಳೆಹಣ್ಣಿನ ಹಾಳೆ ಮುಂದಿಡಿ. ಬೆರಳಿಟ್ಟು ಎಲ್ ಪ್ಲಾತನೊ ಅನ್ನಿ. ಎಲ್ ಅನ್ನುವುದು ಹೆಸರಿನ ಮುಂದೆ ಬರುವ ಪುಟ್ಟ ಪದ, ಅದರ ಮಾತು ಮುಂದೆ ಬರುತ್ತದೆ. ಹಳದಿ ಕ್ರೆಯಾನ್ ತೆಗೆದು ತೋರಿಸಿ ಅಮರೀಯೊ ಅನ್ನಿ. ತೋಮ ಅಂತ ಹೇಳಿ ಕೈಗೆ ಕೊಡಿ. ತೋಮ ಅಂದರೆ ತಗೋ. ಆಮೇಲೆ ಪಿಂತ ಎಲ್ ಪ್ಲಾತನೊ ದೆ ಅಮರೀಯೊ ಅನ್ನಿ, ಬಾಳೆಹಣ್ಣಿಗೆ ಹಳದಿ ಹಚ್ಚು ಅಂತ. ಮಗು ಹಚ್ಚುತ್ತಿರುವಾಗ ಸುಮ್ನೆ ಕೂರಬೇಡಿ. ಆಗಾಗ ಅಮರೀಯೊ, ಅಮರೀಯೊ, ಪ್ಲಾತನೊ ಅಮರೀಯೊ ಅಂತ ಗುನುಗುತ್ತಾ ಇರಿ. ನಿಮಗೇ ಬೋರ್ ಆಗಬಹುದು, ಮಗುವಿಗೆ ಆಗುವುದಿಲ್ಲ.

ಎರಡನೇ ದಿನ ಎರಡು ಕ್ರೆಯಾನ್ ಎತ್ತಿ ಹಿಡಿಯಿರಿ. ರೋಹೊ ಓ ಅಮರೀಯೊ? ಕೆಂಪಾ, ಹಳದಿಯಾ? ಮಗು ಬೆರಳು ತೋರಿಸಿದರೆ ಸಾಕು. ನೀವು ಅದರ ಹೆಸರು ಗಟ್ಟಿಯಾಗಿ ಹೇಳಿ ಕೊಡಿ.

ಮೂರನೆಯದು ಮಕ್ಕಳಿಗೆ ತುಂಬ ಇಷ್ಟವಾಗುವ ಆಟ. ಬೇಕೆಂದೇ ತಪ್ಪು ಬಣ್ಣ ಕೊಡುವುದು. ಬಾಳೆಹಣ್ಣಿನ ಮುಂದೆ ನೇರಳೆ ಕ್ರೆಯಾನ್ ಹಿಡಿದು, ಮುಖ ಗಂಭೀರ ಮಾಡಿಕೊಂಡು, ಎಲ್ ಪ್ಲಾತನೊ ಎಸ್ ಮೊರಾದೊ ಅನ್ನಿ. ಮಗು ನೋ ಅಂತ ಕಿರುಚುತ್ತದೆ. ಹೌದಾ? ಹಾಗಾದರೆ ದೆ ಕೆ ಕೊಲೋರ್ ಎಸ್, ಯಾವ ಬಣ್ಣ? ದೊಡ್ಡವರನ್ನು ತಿದ್ದುವ ಅವಕಾಶ ಸಿಕ್ಕಾಗ ಬಾಯಿಂದ ಅಮರೀಯೊ ತಾನಾಗೇ ಹೊರಗೆ ಬರುತ್ತದೆ. ನೀವು ಹೇಳು ಹೇಳು ಅಂತ ಕಾಡಿದ್ದರೆ ಬರುತ್ತಿರಲಿಲ್ಲ.

ಇದಾದ ಮೇಲೆ ಡಬ್ಬಿ ಮುಚ್ಚಿಯೇ ಇಟ್ಟು ಕೈ ಚಾಚಿದ ಮಗುವನ್ನು ನೋಡಿ ಕಾಯಿರಿ. ಅಮರೀಯೊ ಅಂದರೆ ಕೊಡಿ. ಯೆಲ್ಲೋ ಅಂದರೂ, ಹಳದಿ ಅಂದರೂ ಕೊಡಿ, ಆದರೆ ಕೊಡುವಾಗ ಅಮರೀಯೊ, ತೋಮ ಅಂತ ನೀವು ಸೇರಿಸಿ. ಬಣ್ಣವನ್ನು ತಡೆಹಿಡಿದು ಅಳಿಸುವ ಮಟ್ಟಕ್ಕೆ ಹೋಗಬೇಡಿ. ಕಾಯುವುದು ಎರಡು ಉಸಿರಿನಷ್ಟು ಹೊತ್ತು ಸಾಕು.

ಕೆಲವು ಮಕ್ಕಳು ವಾರಗಟ್ಟಲೆ ಬಾಯೇ ಬಿಡುವುದಿಲ್ಲ. ಆದರೆ ಪಿಂತ ಅಂದರೆ ಹಚ್ಚುತ್ತಾರೆ, ರೋಹೊ ಅಂದರೆ ಕೆಂಪನ್ನೇ ಎತ್ತುತ್ತಾರೆ. ಅದು ಕಲಿಕೆಯೇ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಷರ್ 1960ರ ದಶಕದಲ್ಲಿ ಇದರ ಮೇಲೇ ಒಂದು ಬೋಧನಾ ಕ್ರಮ ಕಟ್ಟಿದರು. ಕಲಿಯುವವರು ಮೊದಲು ಮಾತು ಕೇಳಿ ಮೈಯಿಂದ ಉತ್ತರ ಕೊಡಲಿ, ಬಾಯಿ ಆಮೇಲೆ ತಾನಾಗಿ ತೆರೆಯುತ್ತದೆ ಅನ್ನುವುದು ಅದರ ತಿರುಳು. ನಮ್ಮ ಮನೆಯ ಕೂಸುಗಳೂ ಹಾಗೇ ತಾನೇ ಕನ್ನಡ ಕಲಿಯುವುದು. ಬಾ ಅಂದರೆ ಬರಲು ಕಲಿತು ಎಷ್ಟೋ ತಿಂಗಳ ಮೇಲೆ ಬಾ ಅನ್ನಲು ಕಲಿಯುತ್ತವೆ.

ಕಲ್ಲಂಗಡಿಗೆ ಒಂದು ಇಡೀ ದಿನ

ಆರು ಹಣ್ಣುಗಳಲ್ಲಿ ನನಗೆ ಮೆಚ್ಚು ಸಂದೀಅ. ಒಂದೇ ಹಣ್ಣಿನಲ್ಲಿ ನಾಲ್ಕು ಬಣ್ಣ ಸಿಗುತ್ತವೆ, ಒಳಗೆ ಹೊರಗೆ ಅನ್ನುವ ಮಾತೂ ಸಿಗುತ್ತದೆ.

ಎ4 ಹಾಳೆಯನ್ನು ಪುಸ್ತಕದ ಹಾಗೆ ಅರ್ಧಕ್ಕೆ ಮಡಚಿ. ಮೇಲಿನ ಮುಖದ ಮೇಲೆ ದೊಡ್ಡ ದುಂಡು ಹಣ್ಣು ಬರೆಯಿರಿ. ಮಡಿಕೆ ಬಿಚ್ಚಿದರೆ ಬಲಗಡೆ ಅಷ್ಟೇ ದೊಡ್ಡ ಇನ್ನೊಂದು ದುಂಡು, ಅದರೊಳಗೆ ಅಂಚಿಗೆ ಹತ್ತಿರ ಇನ್ನೊಂದು ಗೆರೆ, ನಡುವೆ ಏಳೆಂಟು ಬೀಜ. ಹಾಳೆ ಮುಚ್ಚಿದ್ದಾಗ ಇಡೀ ಹಣ್ಣು, ತೆರೆದಾಗ ಕತ್ತರಿಸಿದ ಹಣ್ಣು.

ಮುಚ್ಚಿದ ಹಾಳೆಯಿಂದ ಶುರು ಮಾಡಿ. ಅಫ್ವೇರ, ಹೊರಗೆ. ಬೇರ್ದೆ ಕೊಡಿ. ತೆಳು ಹಸಿರು ಪೂರ್ತಿ ಬಳಿದ ಮೇಲೆ ಗಾಢ ಹಸಿರಿನಲ್ಲಿ ಮೇಲಿಂದ ಕೆಳಗೆ ಸೊಟ್ಟ ಪಟ್ಟೆ ಎಳೆಯಲಿ. ತೆಳು ಹಸಿರಿಗೆ ಬೇರ್ದೆ ಕ್ಲಾರೊ, ಗಾಢಕ್ಕೆ ಬೇರ್ದೆ ಒಸ್ಕೂರೊ. ಐದು ದಾಟಿದ ಮಕ್ಕಳಿಗೆ ಈ ಎರಡು ಪದ ಹೇಳಬಹುದು, ಚಿಕ್ಕವರಿಗೆ ಬೇರ್ದೆ ಒಂದೇ ಇರಲಿ.

ಆಮೇಲೆ ಅಡುಗೆಮನೆಯ ಮೊಂಡು ಚಾಕು, ಇಲ್ಲ ಬರೀ ಅಂಗೈ ಎತ್ತಿ ಹಣ್ಣು ಕೊಯ್ಯುವ ಹಾಗೆ ನಟಿಸಿ. ಹಾಳೆ ತೆರೆಯಿರಿ. ಅದೇಂತ್ರೊ, ಒಳಗೆ! ಈಗ ರೋಹೊ. ನಡುವಿನ ದುಂಡು ತುಂಬಲು ಮಗುವಿಗೆ ಹೊತ್ತು ಹಿಡಿಯುತ್ತದೆ. ಅಲ್ಲೇ ನಿಮಗೆ ಮಾತಾಡಲು ಜಾಗ. ಅಂಚಿನ ಪಟ್ಟಿ ಬರಿ ಕಾಗದದ ಬಿಳಿಯೇ ಇರಲಿ, ಅದಕ್ಕೆ ಬ್ಲಾಂಕೊ ಅನ್ನಿ. ಕೆಲವು ಮಕ್ಕಳು ಬಿಳಿ ಕ್ರೆಯಾನೇ ಬೇಕು ಅಂತ ಹಟ ಮಾಡುತ್ತಾರೆ. ಕೊಟ್ಟುಬಿಡಿ, ಪದ ಇನ್ನೊಂದು ಸಲ ಬಂತಲ್ಲ. ಕೊನೆಗೆ ಬೀಜಕ್ಕೆ ನೇಗ್ರೊ. ಒಂದೊಂದು ಬೀಜಕ್ಕೂ ನೇಗ್ರೊ, ನೇಗ್ರೊ ಅಂತ ಇಬ್ಬರೂ ಸೇರಿ ಹೇಳಿ.

ಆಮೇಲೆ ಹಾಳೆ ಮುಚ್ಚಿ ತೆರೆದು ಆಡಿಸಿ. ಅಫ್ವೇರ, ಬೇರ್ದೆ. ಅದೇಂತ್ರೊ, ರೋಹೊ. ಹಸಿರು, ಬಿಳಿ, ಕೆಂಪು ಮೂರೂ ಮೆಕ್ಸಿಕೊದ ಬಾವುಟದ ಬಣ್ಣಗಳು. ಬಾವುಟ ನೋಡಿರುವ ಮಗುವಿಗೆ ಅದನ್ನೂ ಹೇಳಬಹುದು.

ಇದೇ ಮಡಿಕೆ ಹಾಳೆ ಪಪಾಯಕ್ಕೂ ಕೋಕೊಗೂ ಆಗುತ್ತದೆ. ಕೋಕೊ ಅಂದರೆ ತೆಂಗಿನಕಾಯಿ. ಹೊರಗೆ ಕಫೇ, ಒಳಗೆ ಬ್ಲಾಂಕೊ.

ಹನ್ನೆರಡು ದ್ರಾಕ್ಷಿ

ದ್ರಾಕ್ಷಿ ಗೊಂಚಲಿನಲ್ಲಿ ಎಣಿಕೆ ಕಲಿಸಿ. ಹನ್ನೆರಡು ದುಂಡು ಬರೆಯಿರಿ. ಒಂದೊಂದಕ್ಕೆ ಬಣ್ಣ ಹಚ್ಚಿದಾಗಲೂ ಎಣಿಸಿ. ಊನೊ, ದೋಸ್, ತ್ರೇಸ್, ಕ್ವಾತ್ರೊ, ಸಿಂಕೊ, ಸೇಯ್ಸ್, ಸ್ಯೇತೆ, ಓಚೊ, ನ್ವೇವೆ, ದ್ಯೇಸ್, ಓನ್ಸೆ, ದೋಸೆ. ಹೌದು, ಹನ್ನೆರಡಕ್ಕೆ ದೋಸೆ! ಮೆಕ್ಸಿಕೊದ ಉಚ್ಚಾರಣೆಯಲ್ಲಿ ಅದು ನಮ್ಮ ಕಾವಲಿ ಮೇಲಿನ ದೋಸೆಯ ಹಾಗೇ ಕೇಳಿಸುತ್ತದೆ. ಕನ್ನಡದ ಮಕ್ಕಳು ಹನ್ನೊಂದನ್ನು ಮರೆತಾರು, ಹನ್ನೆರಡನ್ನು ಮರೆಯುವುದಿಲ್ಲ.

ಹನ್ನೆರಡೇ ಯಾಕೆ ಅಂದರೆ, ಸ್ಪೇನ್‌ನಲ್ಲಿ ಡಿಸೆಂಬರ್ 31ರ ನಡುರಾತ್ರಿ ಗಡಿಯಾರ ಹನ್ನೆರಡು ಹೊಡೆಯುವಾಗ ಒಂದೊಂದು ಹೊಡೆತಕ್ಕೆ ಒಂದೊಂದು ದ್ರಾಕ್ಷಿ ತಿನ್ನುತ್ತಾರೆ. ಮ್ಯಾಡ್ರಿಡ್‌ನ ಪ್ವೇರ್ತ ದೆಲ್ ಸೋಲ್ ಚೌಕದ ಗಡಿಯಾರವನ್ನು ದೇಶವೆಲ್ಲ ಟಿವಿಯಲ್ಲಿ ನೋಡುತ್ತದೆ. ನೀವು ಪಾತ್ರೆ ಮೇಲೆ ಚಮಚ ಬಡಿಯಿರಿ, ಪ್ರತಿ ಸದ್ದಿಗೆ ಮಗು ಒಂದು ದ್ರಾಕ್ಷಿಗೆ ಬಣ್ಣ ಹಚ್ಚಲಿ. ನಿಜವಾದ ದ್ರಾಕ್ಷಿಯಲ್ಲಿ ಮಾತ್ರ ಈ ಆಟ ಬೇಡವೇ ಬೇಡ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಇದೆ. ಉದ್ದಕ್ಕೆ ನಾಲ್ಕು ಸೀಳಿಯೇ ಕೊಡಿ.

ಎಲ್ ಯಾವುದಕ್ಕೆ, ಲ ಯಾವುದಕ್ಕೆ

ಕನ್ನಡದಲ್ಲಿ ಎಲ್ಲ ಹಣ್ಣೂ ಅದು. ಸ್ಪ್ಯಾನಿಷ್‌ನಲ್ಲಿ ಹಣ್ಣಿಗೂ ಗಂಡು ಹೆಣ್ಣು ಇದೆ. ಗಂಡು ಹೆಸರಿನ ಮುಂದೆ ಎಲ್, ಹೆಣ್ಣು ಹೆಸರಿನ ಮುಂದೆ ಲ. ಎಲ್ ಪ್ಲಾತನೊ, ಎಲ್ ಮಾಂಗೊ, ಆದರೆ ಲ ಮನ್ಸಾನ, ಲ ನರಾಂಹ, ಲ ಊವ, ಲ ಸಂದೀಅ. ಚಿಕ್ಕವರಿಗೆ ಇದರ ವಿವರಣೆ ಕೊಡಬೇಡಿ. ಹೆಸರಿಗೆ ಅಂಟಿಸಿಯೇ ಹೇಳಿ, ಅವರು ಒಂದೇ ಪದ ಅಂತ ಕಲಿಯಲಿ.

ಕೆಲವರು ಎಲ್‌ಗೆ ನೀಲಿ, ಲ‌ಗೆ ಗುಲಾಬಿ ಬಣ್ಣದ ಅಂಚು ಹಾಕುತ್ತಾರೆ. ಬಣ್ಣವನ್ನೇ ಕಲಿಸುತ್ತಿರುವ ಹಾಳೆಯಲ್ಲಿ ಇದು ಗೊಂದಲ. ಗುಲಾಬಿ ಅಂಚು ನೋಡಿ ಮಗು ಸೇಬಿಗೂ ಗುಲಾಬಿಯೇ ಕೇಳುತ್ತದೆ. ಅದರ ಬದಲು ಅಂಚಿನ ಆಕಾರ ಬೇರೆ ಮಾಡಿ. ಎಲ್ ಹಣ್ಣಿಗೆ ಚೌಕದ ಚೌಕಟ್ಟು, ಲ ಹಣ್ಣಿಗೆ ದುಂಡು ಚೌಕಟ್ಟು. ಗೋಡೆಗೆ ಅಂಟಿಸಿದಾಗ ಕಣ್ಣಿಗೆ ತಾನಾಗಿ ಹೊಂದಿಕೊಳ್ಳುತ್ತದೆ.

ಬಣ್ಣದ ಪದವೂ ಹಣ್ಣಿನ ಜೊತೆ ಬದಲಾಗುತ್ತದೆ. ಸೇಬು ಕೆಂಪಾಗಿದೆ ಅನ್ನಲು ಲ ಮನ್ಸಾನ ಎಸ್ ರೋಹ ಅನ್ನಬೇಕು, ರೋಹೊ ಅಲ್ಲ. ಇದು ಕಷ್ಟ ಅನ್ನಿಸಿದರೆ ಒಂದು ಸುಲಭದ ದಾರಿ ಇದೆ. ಪಿಂತ ಲ ಮನ್ಸಾನ ದೆ ರೋಹೊ ಅನ್ನುವಾಗ, ಅಂದರೆ ನಡುವೆ ದೆ ಬಂದಾಗ, ಬಣ್ಣದ ಪದ ಬದಲಾಗುವುದಿಲ್ಲ. ಹಣ್ಣು ಯಾವುದೇ ಇರಲಿ, ದೆ ರೋಹೊ, ದೆ ಅಮರೀಯೊ, ದೆ ಮೊರಾದೊ ಅಷ್ಟೇ. ಬೇರ್ದೆ ಹೇಗೂ ಗಂಡು ಹೆಣ್ಣು ನೋಡುವುದಿಲ್ಲ. ಮೊದಲ ಎರಡು ತಿಂಗಳು ಈ ಪಿಂತ ವಾಕ್ಯದಲ್ಲೇ ಕಾಲ ಹಾಕಿ. ವ್ಯಾಕರಣದ ಭಯ ಇರುವುದಿಲ್ಲ.

ನಿಂಬೆಗೆ ಯಾವ ಬಣ್ಣ?

ಇದನ್ನು ಹಾಳೆ ಮುಂದಿಡುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಲಿಮೋನ್ ಅಂದರೆ ಸ್ಪೇನ್‌ನವರಿಗೆ ಹಳದಿ, ದಪ್ಪ ಸಿಪ್ಪೆಯ ದೊಡ್ಡ ಹಣ್ಣು. ಮೆಕ್ಸಿಕೊದವರಿಗೆ ಪುಟ್ಟದಾದ ದುಂಡನೆಯ ಹಸಿರು ಹಣ್ಣು. ನಮ್ಮ ನಿಂಬೆಕಾಯಿಯೂ ಮೆಕ್ಸಿಕೊದ ಆ ಪುಟ್ಟ ಹಣ್ಣೂ ಒಂದೇ ಜಾತಿ. ಹಾಗಾಗಿ ನಿಮ್ಮ ಮಗು ನಿಂಬೆಗೆ ಹಸಿರು ಹಚ್ಚಿದರೆ ಟೆಕ್ಸಸ್‌ನ ಮೆಕ್ಸಿಕನ್ ಟೀಚರ್ ತಲೆ ಆಡಿಸುತ್ತಾರೆ. ಪ್ರಿಂಟ್ ಹಾಕಿದ ಹಾಳೆಯಲ್ಲಿ ಹಳದಿ ಅಂತ ಇದ್ದರೂ ತಲೆಕೆಡಿಸಿಕೊಳ್ಳಬೇಡಿ.

ಮಾವಿನಲ್ಲೂ ಇದೇ ಕಥೆ. ಅಮೆರಿಕದ ಅಂಗಡಿಯಲ್ಲಿ ಕೆಂಪು ಹಸಿರು ಬೆರೆತ ಮಾವು ಜಾಸ್ತಿ, ಜೊತೆಗೆ ಅತೌಲ್ಫೊ ಅನ್ನುವ ಮೆಕ್ಸಿಕೊದ ಹಳದಿ ಮಾವೂ ಬರುತ್ತದೆ. ಮಗು ಯಾವುದನ್ನು ತಿಂದಿದೆಯೋ ಆ ಬಣ್ಣವೇ ಸರಿ. ಬಾಳೆಹಣ್ಣಿಗೆ ಮೂರು ಚಿತ್ರ ಪಕ್ಕಪಕ್ಕ ಬರೆದು ಬೇರ್ದೆ, ಅಮರೀಯೊ, ಕಫೇ ಚುಕ್ಕೆ ಅಂತ ಹಣ್ಣಾಗುವ ಕ್ರಮ ತೋರಿಸಿದರೆ ಮಕ್ಕಳಿಗೆ ಬಹಳ ಹಿಡಿಸುತ್ತದೆ.

ಹೆಸರುಗಳೂ ಊರಿಂದ ಊರಿಗೆ ಬೇರೆ. ಬಾಳೆಹಣ್ಣು ಮೆಕ್ಸಿಕೊದಲ್ಲಿ ಪ್ಲಾತನೊ, ಪೋರ್ಟೊರಿಕೊದಲ್ಲಿ ಗಿನೇಯೊ, ವೆನೆಜುವೆಲಾದಲ್ಲಿ ಕಂಬೂರ್. ಪೋರ್ಟೊರಿಕೊದವರಿಗೆ ಪ್ಲಾತನೊ ಅಂದರೆ ಕರಿಯುವ, ಬೇಯಿಸುವ ಬಾಳೆಕಾಯಿ. ಸ್ಟ್ರಾಬೆರಿ ಫ್ರೇಸ, ಆದರೆ ಅರ್ಜೆಂಟೀನಾದಲ್ಲಿ ಫ್ರುತೀಯ ಅನ್ನುವಂಥ ಬೇರೆಯೇ ಪದ. ಅನಾನಸ್‌ಗೆ ಮೆಕ್ಸಿಕೊದಲ್ಲಿ ಪೀನ್ಯ, ಅರ್ಜೆಂಟೀನಾದಲ್ಲಿ ಅನನಾ, ನಮಗೆ ಪರಿಚಯದ್ದೇ. ಮಯಾಮಿ ಕಡೆ ಇರುವವರಿಗೆ ಒಂದು ಕಿವಿಮಾತು. ಕ್ಯೂಬಾದ ಹಲವರ ಬಾಯಲ್ಲಿ ಪಪಾಯ ಅನ್ನುವುದಕ್ಕೆ ಪೋಲಿ ಅರ್ಥ ಇದೆ, ಹಣ್ಣಿಗೆ ಅವರು ಫ್ರೂತ ಬೋಂಬ ಅನ್ನುತ್ತಾರೆ. ಮಗು ಶಾಲೆಯಿಂದ ಬೇರೆ ಹೆಸರು ಹೊತ್ತು ತಂದರೆ ತಪ್ಪು ಅನ್ನಬೇಡಿ. ಬದನೆಗೆ, ಸೀಬೆಗೆ ನಮ್ಮ ಜಿಲ್ಲೆಗಳಲ್ಲೇ ಎಷ್ಟು ಹೆಸರಿಲ್ಲ?

ಬಣ್ಣ ಹಚ್ಚಿದ ಹಾಳೆ ಏನು ಮಾಡುವುದು

ಫ್ರಿಜ್ ಮೇಲೆ ಅಂಟಿಸಿ ಮರೆತುಬಿಡಬೇಡಿ. ಮೆಕ್ಸಿಕೊದಲ್ಲಿ ಲೊತೆರೀಅ ಅಂತ ಒಂದು ಆಟ ಇದೆ. ನಮ್ಮ ತಂಬೋಲದ ಹಾಗೆಯೇ, ಅಂಕಿಯ ಬದಲು ಚಿತ್ರಗಳು. 54 ಚೀಟಿಗಳಲ್ಲಿ ಸಂದೀಅ, ಮೆಲೋನ್, ಪೇರ ಕೂಡ ಇವೆ. ಮನೆಯಲ್ಲಿ ಇದರ ಚಿಕ್ಕ ರೂಪ ಮಾಡಬಹುದು. ಹಾಳೆಯಲ್ಲಿ ಆರು ಮನೆ ಗೆರೆ ಹಾಕಿ ಪ್ರತಿ ಮನೆಯಲ್ಲಿ ಮಗುವೇ ಬಣ್ಣ ಹಚ್ಚಿದ ಪುಟ್ಟ ಹಣ್ಣು. ಇಂಥ ಮೂರು ನಾಲ್ಕು ಹಾಳೆ, ಹಣ್ಣುಗಳ ಜಾಗ ಬೇರೆಬೇರೆ. ನೀವು ಚೀಟಿ ಎತ್ತಿ ಲ ನರಾಂಹ ಅಂತ ಕೂಗಿ, ಮಗು ಆ ಹಣ್ಣಿನ ಮೇಲೆ ಕಾಳಿಡಲಿ. ಅಲ್ಲಿ ಹುರುಳಿಕಾಯಿ ಬೀಜ ಇಡುತ್ತಾರೆ, ನೀವು ಹುಣಸೆ ಬೀಜ ಇಟ್ಟುಕೊಳ್ಳಿ. ಮೂರು ವರ್ಷದ ಮಕ್ಕಳಿದ್ದರೆ ಬೀಜ ಬೇಡ, ಬಾಯಿಗೋ ಮೂಗಿಗೋ ಹೋಗುತ್ತದೆ. ದೊಡ್ಡ ಬಾಟಲಿ ಮುಚ್ಚಳ ಸಾಕು.

ಅಜ್ಜಿ ತಾತ ವಿಡಿಯೊ ಕಾಲ್‌ನಲ್ಲಿದ್ದಾಗ ಮಗು ತನ್ನ ಹಾಳೆ ಹಿಡಿದು ಅವರಿಗೆ ಕಲಿಸಲಿ. ತಾತನಿಗೆ ನರಾಂಹ ಹೇಳಲು ಬರದೆ ಮಗು ಮೂರು ಸಲ ತಿದ್ದಬೇಕಾದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಬೇಕಾ? ಆದರೆ ಮನೆಗೆ ಬಂದ ನೆಂಟರ ಮುಂದೆ ನಿಲ್ಲಿಸಿ ಸ್ಪ್ಯಾನಿಷ್‌ನಲ್ಲಿ ಹೇಳಿ ತೋರಿಸು ಪುಟ್ಟಾ ಅನ್ನಬೇಡಿ. ಮಗು ಅಂದಿಗೇ ಬಾಯಿ ಮುಚ್ಚುತ್ತದೆ.

ಅಂಗಡಿಗೆ ಹೋಗುವಾಗ ಬಣ್ಣ ಹಚ್ಚಿದ ಹಾಳೆಗಳನ್ನು ಅರ್ಧಕ್ಕೆ ಕತ್ತರಿಸಿ ಮಗುವಿನ ಕೈಗೆ ಕೊಡಿ. ಅದೇ ಅದರ ಸಾಮಾನು ಚೀಟಿ. ಹಣ್ಣು ಸಿಕ್ಕಿದಾಗ ಚಿತ್ರ ಪಕ್ಕದಲ್ಲಿಟ್ಟು ನೋಡಲಿ. ಮೆಕ್ಸಿಕನ್ ಅಂಗಡಿಯಾದರೆ ಹೆಸರೂ ಮೇಲೆ ಬರೆದಿರುತ್ತದೆ. ಅಲ್ಲಿ ಕೊಯ್ದ ಮಾವು, ಕಲ್ಲಂಗಡಿಗೆ ಉಪ್ಪು, ಮೆಣಸಿನಪುಡಿ, ನಿಂಬೆರಸ ಹಾಕಿ ಮಾರುತ್ತಾರೆ. ನಮ್ಮ ಶಾಲೆ ಮುಂದಿನ ಗಾಡಿಯ ರುಚಿಯೇ.

ತಿನ್ನುವಾಗ ಒಂದು ವಾಕ್ಯ ಕಲಿಸಿ: ಮೆ ಗುಸ್ತ ಎಲ್ ಮಾಂಗೊ. ನನಗೆ ಮಾವು ಇಷ್ಟ. ಇಂಗ್ಲಿಷ್‌ನ ಜಾಡಿನಲ್ಲಿ ಯೋಚಿಸುವವರು ಇಲ್ಲಿ ತಡವರಿಸುತ್ತಾರೆ, ಏಕೆಂದರೆ ಅಲ್ಲಿ ನಾನು ಇಷ್ಟಪಡುತ್ತೇನೆ ಅನ್ನುವ ಕಟ್ಟು. ಸ್ಪ್ಯಾನಿಷ್‌ನದು ನಮ್ಮ ನನಗೆ ಇಷ್ಟ ಅನ್ನುವ ಕಟ್ಟೇ. ಕನ್ನಡ ಮಾತಾಡುವ ಮಗುವಿಗೆ ಅದು ಸಲೀಸು. ಹಣ್ಣು ಒಂದಕ್ಕಿಂತ ಜಾಸ್ತಿ ಆದರೆ ಮೆ ಗುಸ್ತನ್ ಲಸ್ ಊವಸ್. ಇಷ್ಟ ಇಲ್ಲದ್ದಕ್ಕೆ ಮುಂದೆ ನೋ ಸೇರಿಸಿದರೆ ಆಯಿತು, ನೋ ಮೆ ಗುಸ್ತ. ಮಕ್ಕಳು ಮೊದಲು ಕಲಿಯುವುದು ಇದನ್ನೇ, ಅದೂ ತರಕಾರಿ ತಟ್ಟೆಯ ಮುಂದೆ.

ಕನ್ನಡ ಹಿಂದೆ ಬೀಳುತ್ತಾ?

ಬೀಳಬೇಕಿಲ್ಲ. ಸ್ಪ್ಯಾನಿಷ್‌ಗೆ ಒಂದು ಜಾಗ, ಒಂದು ಹೊತ್ತು ಗೊತ್ತು ಮಾಡಿ. ಇಂಥ ಚಾಪೆ ಹಾಸಿದರೆ ಸ್ಪ್ಯಾನಿಷ್ ಹತ್ತು ನಿಮಿಷ, ಮಡಚಿದರೆ ಮುಗಿಯಿತು. ಉಳಿದಂತೆ ಮನೆಯಲ್ಲಿ ಕನ್ನಡವೇ ಇರಲಿ. ಹೊಸ ಹಣ್ಣಿನ ಹೆಸರು ಕನ್ನಡದಲ್ಲಿ ಗೊತ್ತಿಲ್ಲದಿದ್ದರೆ ಮೊದಲು ಅದನ್ನು ಹೇಳಿ, ಆಮೇಲೆ ಸ್ಪ್ಯಾನಿಷ್. ಮಗು ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸಿ ಅಮ್ಮಾ ನಂಗೆ ರೋಹೊ ಆಪಲ್ ಬೇಕು ಅಂದರೆ ನಕ್ಕು ಸೇಬು ಕೊಡಿ. ಹೆಚ್ಚು ಭಾಷೆಯ ಮನೆಗಳಲ್ಲಿ ಇದು ಮಾಮೂಲು, ವಯಸ್ಸಾದಂತೆ ಬೇರೆಯಾಗುತ್ತದೆ.

ಗೆರೆ ದಾಟಿ ಬಣ್ಣ ಹೋಯಿತು ಅಂತ ತಿದ್ದುವ ಗೋಜಿಗೂ ಹೋಗಬೇಡಿ. ಅದು ಡ್ರಾಯಿಂಗ್ ಕ್ಲಾಸಿನ ಚಿಂತೆ.

ಮುಂದಿನ ಹಾಳೆಗಳು

ಆರು ಹಣ್ಣು ಬಂದ ಮೇಲೆ ಅಂಗಡಿಯ ಪುಸ್ತಕದ ಚೆರ್ರಿ, ಪೀಚ್‌ಗಿಂತ ಮೊದಲು ಈ ಎರಡನ್ನು ತನ್ನಿ. ಒಂದು ಚಿಕ್ಕು. ಆ ಮರದ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಲ್ಲಿ ಹಣ್ಣಿಗೆ ಚಿಕೊ ಸಪೋತೆ ಅನ್ನುತ್ತಾರೆ. ನಾವು ಅದನ್ನು ಎರಡು ತುಂಡು ಮಾಡಿ ಕೆಲವರು ಚಿಕ್ಕು, ಕೆಲವರು ಸಪೋಟ ಅನ್ನುತ್ತೇವೆ. ಅದರ ಮರದ ಹಾಲಿನಿಂದಲೇ ಮೊದಲು ಚೂಯಿಂಗ್ ಗಮ್ ಮಾಡುತ್ತಿದ್ದದ್ದು ಅಂತ ಹೇಳಿದರೆ ಏಳು ವರ್ಷದವರ ಕಿವಿ ನೆಟ್ಟಗಾಗುತ್ತದೆ.

ಇನ್ನೊಂದು ಹುಣಸೆ, ತಮರಿಂದೊ. ಇದು ನಮ್ಮ ಕಡೆಯಿಂದ ಅರಬ್ಬರ ಬಾಯಲ್ಲಿ ಹೋದ ಹೆಸರು, ಭಾರತದ ಖರ್ಜೂರ ಅಂತ ಅರ್ಥ. ಮೆಕ್ಸಿಕೊದಲ್ಲಿ ಅದರ ಸಿಹಿ ಪಾನಕ ಕುಡಿಯುತ್ತಾರೆ, ಸಕ್ಕರೆ ಉಪ್ಪು ಖಾರ ಸೇರಿಸಿ ಮಿಠಾಯಿ ಮಾಡುತ್ತಾರೆ. ಕಡ್ಡಿಗೆ ಮೆತ್ತಿದ ಚಿಗಳಿ ಚೀಪಿದ ಮಗು ಅದನ್ನು ಬಾಯಿಗಿಟ್ಟ ತಕ್ಷಣ ಗುರುತು ಹಿಡಿಯುತ್ತದೆ. ಹುಣಸೆಕೋಡು ಬರೆಯುವುದೂ ಸುಲಭ, ಉಬ್ಬುತಗ್ಗಿನ ಉದ್ದ ಗೆರೆ ಅಷ್ಟೇ.

ಎರಡಕ್ಕೂ ಬೇಕಾದ್ದು ಕಫೇ. ಡಬ್ಬಿಯಲ್ಲಿ ಕಂದು ಕ್ರೆಯಾನ್ ಒಂದೇ ಇರುತ್ತದೆ, ತೆಂಗಿನಕಾಯಿಗೇ ಅರ್ಧ ಸವೆದಿರುತ್ತದೆ. ಈ ಹಾಳೆಗಳಿಗೆ ಕೂರುವ ಮೊದಲು ಇನ್ನೊಂದು ತಂದಿಟ್ಟುಕೊಳ್ಳಿ.